ನನ್ನ ಕೈಯಾಗಿಲ್ಲ

ವಾಡಿಯ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಶೈಲಶ್ರೀಯ ಮನೆ. ನಸುಕಿನ ನಾಲ್ಕಕ್ಕೆ ಎದ್ದರೆ ಅವಳ ಮೊದಲ ಕೆಲಸ ಸೆರಗಿನಿಂದ ಮೂಗು ಮುಚ್ಚಿಕೊಂಡು ಪಡಸಾಲೆಯ ದೀಪ ಹಾಕುವುದು. ಗಂಡ ಮಹೇಶಕುಮಾರ ಎಲ್ಲಿ ಬಿದ್ದಿದ್ದಾನೆ, ಎಲ್ಲಿ ಕಾರಿಕೊಂಡಿದ್ದಾನೆ ಎಂದು ನೋಡಿಕೊಂಡರೆ ಕಾಲಿಡುವ ಜಾಗ ತಿಳಿಯುತ್ತಿತ್ತು. ಶಹಾಬಾದ ಫರ್ಸಿಕಲ್ಲಿನ ನೆಲ. ನೀರು ಸುರಿದರೆ ಕಲ್ಲು ಸ್ವಚ್ಛವಾಗುತ್ತದೆ, ಎರಡು ಕಲ್ಲಿನ ನಡುವಿನ ಸಂದಿಯಲ್ಲಿ ಕೂತದ್ದು ಹೋಗುವುದಿಲ್ಲ. ಅನ್ನದ ಅಗುಳು, ಬೇಳೆಯ ಸಿಪ್ಪೆ, ಹುಳಿ ಲೋಳೆ ಎಲ್ಲವನ್ನೂ ಪೊರಕೆಯ ಕಡ್ಡಿಯಿಂದ ಕೆದರಿ ತೆಗೆಯಬೇಕು. ಆಮೇಲೆ ಫಿನಾಯಿಲು. ಆಮೇಲೆ ಎರಡೆರಡು ಸಲ ಸಾಬೂನು ಹಚ್ಚಿ ತೊಳೆದ ಅದೇ ಕೈಯಿಂದ ಜೋಳದ ಹಿಟ್ಟು ನಾದಬೇಕು. ರೊಟ್ಟಿ ಬಡಿಯುವಾಗ ಬೆರಳಿನಿಂದ ಆ ವಾಸನೆ ಎದ್ದು ಬಂದಂತಾಗಿ ಅವಳು ಮುಖ ಆಚೆ ತಿರುಗಿಸುತ್ತಿದ್ದಳು. ತಾನು ಮಾಡಿದ ರೊಟ್ಟಿಯನ್ನು ತಾನೇ ತಿನ್ನುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡು ಎದ್ದುಬಿಡುತ್ತಿದ್ದಳು.

ಮಹೇಶಕುಮಾರ ಊರಾಚೆಯ ಸಿಮೆಂಟ್ ಕಾರ್ಖಾನೆಯ ಖಣಿಯಲ್ಲಿ ಸುಣ್ಣಕಲ್ಲು ಹೊರುವ ಡಂಪರ್ ಓಡಿಸುತ್ತಿದ್ದ. ಆರರ ಪಾಳಿಗೆ ಐದೂ ಕಾಲಕ್ಕೇ ಬೈಕು ಹತ್ತುತ್ತಿದ್ದ. ರಾತ್ರಿ ಎಷ್ಟೇ ಹೊಲಸು ಮಾಡಿರಲಿ, ಬೆಳಿಗ್ಗೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಬಾಯಿಗೆ ಎರಡು ಲವಂಗ ಹಾಕಿಕೊಂಡು ಹೊರಟರೆ ಒಂದು ದಿನ ತಡವಾದದ್ದಿಲ್ಲ. ಅವನ ಬೈಕಿಗೆ ಅವಳು ಎರಡು ಡಬ್ಬಿ ತೂಗುಹಾಕುತ್ತಿದ್ದಳು. ಒಂದು ಅವನಿಗೆ. ಇನ್ನೊಂದು ಗೇಟಿನ ಕಾವಲುಗಾರ ಅಂಬರಾಯನಿಗೆ. ಅಂಬರಾಯನ ಹೆಂಡತಿ ಸೊಂಟದ ಬೇನೆಯಿಂದ ಹಾಸಿಗೆ ಹಿಡಿದಿದ್ದಾಳೆ, ಅವನಿಗೆ ಬೇಯಿಸಿ ಹಾಕುವವರಿಲ್ಲ ಎಂದು ಒಂಬತ್ತು ವರ್ಷದ ಹಿಂದೆ ಮಹೇಶಕುಮಾರನೇ ಹೇಳಿದ್ದ. ಅತ್ತೆ ಸೂಗಮ್ಮ, ಹಸಿದವರಿಗೆ ಹಾಕಿದ್ದು ದಾಸೋಹ, ಎರಡು ರೊಟ್ಟಿಗೆ ಮನೆ ಮುಳುಗುವುದಿಲ್ಲ ಎಂದಿದ್ದಳು. ಅಂದಿನಿಂದ ನಾಲ್ಕು ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ ತಪ್ಪದೆ ಹೋಗುತ್ತಿತ್ತು. ಹಬ್ಬವಿದ್ದರೆ ಹೋಳಿಗೆಯೂ.

ಆ ಗೇಟಿನಲ್ಲಿ ಊದುವ ಮಷೀನು ಇತ್ತು. ಪಾಳಿಗೆ ಬಂದವರೆಲ್ಲ ನಳಿಗೆಗೆ ಬಾಯಿಟ್ಟು ಊದಬೇಕು. ಕುಡಿದಿದ್ದರೆ ಮಷೀನು ಕೂಗುತ್ತದೆ, ಒಳಗೆ ಬಿಡುವುದಿಲ್ಲ, ಮೂರು ಸಲ ಕೂಗಿದರೆ ನೌಕರಿ ಹೋಯಿತು. ಒಂಬತ್ತು ವರ್ಷದಲ್ಲಿ ಮಹೇಶಕುಮಾರನ ಮುಂದೆ ಅದು ಒಮ್ಮೆಯೂ ಕೂಗಿರಲಿಲ್ಲ. ಮನೆಯ ಜಗಳಗಳೆಲ್ಲ ಎಲ್ಲಿ ಶುರುವಾದರೂ ಆ ಮಷೀನಿಗೇ ಬಂದು ನಿಲ್ಲುತ್ತಿದ್ದವು.

ಯುಗಾದಿಯ ಹಿಂದಿನ ವಾರ ಅವನು ಅಮಲಿನಲ್ಲಿ ಬಚ್ಚಲೆಂದು ತಿಳಿದು ಅಡುಗೆಮನೆಯ ಜೋಳದ ಚೀಲದ ಮೇಲೆ ಉಚ್ಚೆ ಹೊಯ್ದ. ಶೈಲಶ್ರೀ ಚೀಲವನ್ನು ತಿಪ್ಪೆಗೆ ಎಳೆದುಕೊಂಡು ಹೊರಟರೆ ಸೂಗಮ್ಮ ಬಾಗಿಲಿಗೆ ಅಡ್ಡ ನಿಂತಳು. ತೊಳೆದು ಒಣಗಿಸಿದರೆ ಆಯಿತು, ಗಿರಣಿಯಲ್ಲಿ ಬೀಸಿದ ಮೇಲೆ ಏನೂ ಉಳಿಯುವುದಿಲ್ಲ ಎಂದು ಅವಳ ವಾದ.

"ಹಡದ ಮಗಂದು ಅಂತ ನಿಮಗ ಹೇಸಿಕಿ ಬರಂಗಿಲ್ಲ. ನನಗ ಬರ್ತದ" ಎಂದಳು ಶೈಲಶ್ರೀ.

"ಅಂವಗ ಗೊತ್ತಾಗಿ ಮಾಡ್ಯಾನೇನು? ಅವರಪ್ಪನೂ ಹಿಂಗೇ ಇದ್ದ. ರಗತದಾಗ ಬಂದದ್ದದ. ಅಂವನ ಕೈಯಾಗ ಏನದ?"

"ಮಷೀನಿನ ಮುಂದ ಆ ರಗತ ಎಲ್ಲಿ ಹೋಗ್ತದರಿ ಅತ್ತಿ? ಅಲ್ಲಿ ತಡೀಲಿಕ್ಕೆ ಬರ್ತದ, ಮನ್ಯಾಗ ಬರಂಗಿಲ್ಲ. ನೌಕರಿ ಹೋಗ್ತದ ಅಂತ ಅಂಜಿಕಿ ಅದ. ನಾ ಎಲ್ಲಿ ಹೋಗ್ತೀನಿ ಅಂತ ಧೈರ್ಯ ಅದ."

ಸೂಗಮ್ಮ ಚೀಲವನ್ನು ಒಳಗೆ ಎಳೆದುಕೊಂಡಳು. ಮರುದಿನ ಶೈಲಶ್ರೀ ನೀರು ಹಿಡಿಯಲು ಹೋದಾಗ ಜೋಳವನ್ನು ತೊಳೆದು ಮಾಳಿಗೆಯ ಮೇಲೆ ಹರವಿದಳು. ಬೀಸಿದ್ದಾಯಿತೋ ಇಲ್ಲವೋ, ಯಾವ ಡಬ್ಬದ ಹಿಟ್ಟು ಯಾವುದೋ ಶೈಲಶ್ರೀಗೆ ಕೊನೆಗೂ ತಿಳಿಯಲಿಲ್ಲ.

ಮಗಳು ರಾಧಿಕಾ ಶಹಾಬಾದಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಚಿತ್ತಾಪುರದಲ್ಲಿ ಹತ್ತು ದಿನದ ಕುಡಿತ ಬಿಡಿಸುವ ಶಿಬಿರವಿದೆಯೆಂದು ಬಸ್ಸಿನ ಕಿಟಕಿಯಿಂದ ಗೋಡೆಬರಹ ಓದಿಕೊಂಡು ಬಂದವಳು ಅವಳೇ. ಅಪ್ಪ ಹೋಗದಿದ್ದರೆ ತಾನು ಹಾಸ್ಟೆಲ್ಲಿಗೆ ಸೇರುತ್ತೇನೆ, ಪರೀಕ್ಷೆಗೂ ಮನೆಗೆ ಬರುವುದಿಲ್ಲ ಎಂದು ಹಟ ಹಿಡಿದಳು. ಮಹೇಶಕುಮಾರ ರಜೆ ಹಾಕಿ ಹೋದ. ಅವನಿಲ್ಲದ ಹತ್ತು ದಿನವೂ ಸೂಗಮ್ಮ ಅಂಬರಾಯನ ಡಬ್ಬಿ ನಿಲ್ಲಿಸಗೊಡಲಿಲ್ಲ. ರಾಧಿಕಾಳೇ ಬಸ್ಸು ಹಿಡಿಯುವ ಮುನ್ನ ಗೇಟಿನವರೆಗೆ ಒಯ್ದು ಕೊಟ್ಟು ಬಂದಳು. ಪಾಪದ ಮನುಷ್ಯ ಎಂದು ಶೈಲಶ್ರೀಯೂ ಸುಮ್ಮನಿದ್ದಳು. ಆ ಹತ್ತು ದಿನ ನೆಲ ಒಣಗಿತ್ತು. ಅವಳು ಎರಡು ಹೊತ್ತೂ ರೊಟ್ಟಿ ತಿಂದಳು.

ಶಿಬಿರದಿಂದ ಮಹೇಶಕುಮಾರ ಗಡ್ಡ ಬೋಳಿಸಿಕೊಂಡು, ತೆಳ್ಳಗಾಗಿ, ಒಂದು ಪೊಟ್ಟಣ ಗುಳಿಗೆ ಹಿಡಿದುಕೊಂಡು ಬಂದ. ಜೊತೆಗೆ ಒಂದು ಮಾತನ್ನೂ ತಂದಿದ್ದ. ಊಟಕ್ಕೆ ಕೂತಾಗ ಮೂವರಿಗೂ ಹೇಳಿದ. ಇದು ಚಟ ಅಲ್ಲ, ಬೀಮಾರಿ. ಸಕ್ಕರೆ ಬೇನೆ, ಬಿಪಿ ಇದ್ದ ಹಾಗೆ. "ನನ್ನ ಕೈಯಾಗಿಲ್ಲ" ಎಂದು ಮೊದಲು ಒಪ್ಪಿಕೊಳ್ಳಬೇಕಂತೆ, ಅಲ್ಲಿಂದಲೇ ಗುಣವಾಗುವುದು ಶುರುವಂತೆ. ಶಿಬಿರದಲ್ಲಿ ಎಲ್ಲರೂ ಎದ್ದು ನಿಂತು ಹಾಗೆ ಹೇಳಿದರಂತೆ, ಕೆಲವರು ಅತ್ತರಂತೆ.

ಹದಿನಾರು ದಿನ ಅವನು ಮುಟ್ಟಲಿಲ್ಲ. ಪೊಟ್ಟಣದ ಗುಳಿಗೆ ಮುಗಿದವು. ಮತ್ತೆ ತರುತ್ತೇನೆಂದವನು ತರಲಿಲ್ಲ. ಹದಿನೇಳನೇ ಸಂಜೆ ತೂರಾಡುತ್ತ ಬಂದು, ಚಪ್ಪಲಿಯ ಮೇಲೇ ವಾಂತಿ ಮಾಡಿಕೊಂಡು, ಗೋಡೆಗೆ ಒರಗಿ ಕೂತು ಅದೇ ಮಾತನ್ನು ಹೇಳಿದ. ಶಿಬಿರದವರು ಯಾವ ಬಾಗಿಲು ತೆರೆಯಲು ಆ ಮಾತು ಕೊಟ್ಟಿದ್ದರೋ ಗೊತ್ತಿಲ್ಲ, ಅವನು ಅದನ್ನು ಚಿಲಕ ಮಾಡಿಕೊಂಡಿದ್ದ.

"ಡಾಕ್ಟರೇ ಹೇಳ್ಯಾರ. ನನ್ನ ಕೈಯಾಗಿಲ್ಲ. ಬೀಮಾರಿ ಮನುಷ್ಯಾಗ ಬೈತಾರೇನು?"

"ಸಕ್ಕರೆ ಬೇನೆಯವರು ಗುಳಿಗಿ ತಗೋತಾರ ಅಪ್ಪಾ" ಎಂದಳು ರಾಧಿಕಾ. "ನೀ ಎಲ್ಲಿ ತಗೊಂಡಿ?"

ಅವನು ನೀರು ಕೇಳಿದ. ಸೂಗಮ್ಮ ತಂದುಕೊಟ್ಟಳು.

ಮೇ ತಿಂಗಳ ಎರಡನೇ ವಾರ ಖಣಿಯಲ್ಲಿ ಅಪಘಾತವಾಯಿತು. ಡಂಪರನ್ನು ಹಿಂದಕ್ಕೆ ತರುವಾಗ ಸೀಟಿ ಊದಿ ದಾರಿ ತೋರಿಸುವ ಗುತ್ತಿಗೆ ಕೂಲಿ ದಶರಥನ ಎಡಗಾಲಿನ ಮೇಲೆ ಗಾಲಿ ಹತ್ತಿತು. ಓಡಿಸುತ್ತಿದ್ದವನು ಮಹೇಶಕುಮಾರ. ಕಲಬುರಗಿಯ ದವಾಖಾನೆಯಲ್ಲಿ ದಶರಥನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕಾರ್ಖಾನೆಯವರು ಅಂದೇ ಗೇಟಿನ ದಾಖಲೆ ನೋಡಿದರು. ಆ ಬೆಳಿಗ್ಗೆ ಮಹೇಶಕುಮಾರನ ಹೆಸರಿನ ಮುಂದೆ ಸೊನ್ನೆ ಇತ್ತು. ಕೂಲಿಯವನೇ ನಿಲ್ಲಬಾರದ ಜಾಗದಲ್ಲಿ ನಿಂತಿದ್ದ ಎಂದು ಮಾತು ಹಬ್ಬಿತು.

ಶೈಲಶ್ರೀ ತಾನಾಗಿಯೇ ಬಾಳೆಹಣ್ಣು, ಒಂದು ಡಬ್ಬಿ ಗಂಜಿ ಹಿಡಿದುಕೊಂಡು ಕಲಬುರಗಿಗೆ ಹೋದಳು. ದಶರಥನ ಹೆಂಡತಿ ಹಣಮವ್ವ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಸನ್ನತಿ ಕಡೆಯ ಹಳ್ಳಿಯವಳು, ಮೂವತ್ತು ದಾಟಿರಲಿಲ್ಲ. ಹಣ್ಣಿನ ಚೀಲವನ್ನು ಮುಟ್ಟದೆ ಅವಳು ಶೈಲಶ್ರೀಯ ಮುಖವನ್ನೇ ನೋಡಿದಳು.

"ಅಕ್ಕಾರ, ನನ್ನ ಗಂಡನ್ನ ಎತ್ತಲಿಕ್ಕೆ ಅಂತ ನಿಮ್ಮ ಮನಿಯವರು ಬಗ್ಗಿದಾಗ ದಾರೂ ವಾಸನಿ ಹೊಡೀತಂತರಿ. ಅಂವ ಎಚ್ಚರ ತಪ್ಪೂದಕ್ಕಿಂತ ಮೊದಲು ಅದನ್ನ ಹೇಳ್ಯಾನ."

ಹಿಂದಿನ ದಿನದ ವಾಸನೆ ಇದ್ದಿರಬೇಕು ಎಂದಳು ಶೈಲಶ್ರೀ. ತನ್ನ ಮನೆಯ ಹೊಲಸನ್ನು ಪರರ ಮುಂದೆ ಎಂದೂ ಹೇಳದವಳು ಅಂದು ಎಲ್ಲವನ್ನೂ ಹೇಳಿದಳು. ಗಂಡ ಕುಡಿಯುತ್ತಾನೆ, ಮನೆಯನ್ನು ಚರಂಡಿ ಮಾಡಿದ್ದಾನೆ, ಆದರೆ ಕೆಲಸಕ್ಕೆ ಕುಡಿದು ಹೋಗುವವನಲ್ಲ.

"ಒಂಬತ್ತು ವರ್ಷ ಆತವ್ವಾ, ದಿನಾ ಮಷೀನು ಊದ್ಯಾರ. ಮನ್ಯಾಗ ಅವರು ಮನುಷ್ಯಾರಲ್ಲ, ಡ್ಯೂಟಿ ಮ್ಯಾಲ ಮನುಷ್ಯಾರು. ಇದು ಸುಳ್ಳಾದ್ರ ನನ್ನ ಮಗಳ ಆಣಿ."

ಹಣಮವ್ವ ಕಡೆಗೆ ಗಂಜಿಯ ಡಬ್ಬಿಯನ್ನು ಒಳಗೆ ತೆಗೆದುಕೊಂಡಳು. ನಂಬಿದಳೆಂದು ಶೈಲಶ್ರೀಗೆ ಸಮಾಧಾನವಾಯಿತು.

ಅದಾದ ಆರನೆಯ ದಿನ ಮಧ್ಯಾಹ್ನ ಬಾಗಿಲ ಮುಂದೆ ಒಂದು ಬೈಕು ನಿಂತಿತು. ಇಳಿದವನು ಅಂಬರಾಯ. ಹಿಂದೆ ಕೂತವಳು ಗಟ್ಟಿಮುಟ್ಟಾದ ಹೆಂಗಸು, ಒಂದು ಕೈಯಲ್ಲಿ ಹತ್ತು ಕಿಲೋ ಅಕ್ಕಿಯ ಚೀಲ ಹಿಡಿದೇ ಇಳಿದಳು. ಇವಳು ನನ್ನ ಮನೆಯಾಕೆ ಎಂದ ಅಂಬರಾಯ. ಶೈಲಶ್ರೀ ಸಂತೋಷದಿಂದ ಕುಂದ್ರಿರಿ ಎಂದು ಚಾಪೆ ಹಾಸಿ, ಈಗ ಸೊಂಟ ಆರಾಮಾಯಿತೇನು ಎಂದು ಕೇಳಿದಳು.

"ನನ್ನ ಸೊಂಟಕ್ಕ ಏನಾಗ್ಯಾದರಿ?" ಎಂದಳು ಆ ಹೆಂಗಸು.

ಅಂಬರಾಯನ ಮುಖ ಕಪ್ಪಿಟ್ಟಿತು. ಒಳಗೆ ತೊಗರಿಬೇಳೆ ಆರಿಸುತ್ತಿದ್ದ ಸೂಗಮ್ಮ ಮೊರ ಇಟ್ಟು ಎದ್ದು ಬಂದಳು. ಅವನು ಅವಳನ್ನು ಉದ್ದೇಶಿಸಿಯೇ ಹೇಳಿದ, ಇನ್ನು ತನ್ನಿಂದ ಆಗುವುದಿಲ್ಲ, ಮೇಲಿನವರು ಮತ್ತೆ ವಿಚಾರಣೆ ಮಾಡುತ್ತಾರಂತೆ. ಡಬ್ಬಿ ಕಳಿಸಬೇಡಿ ಎನ್ನುತ್ತ ತನ್ನ ಕೈಚೀಲದಿಂದ ಮೂರು ಖಾಲಿ ಡಬ್ಬಿ ತೆಗೆದಿಟ್ಟ. ಏನು ಆಗುವುದಿಲ್ಲ ಎಂದು ಶೈಲಶ್ರೀ ಕೇಳಿದಳು. ಸೂಗಮ್ಮ ಒಳಗೆ ಹೋಗು ಎಂದಳು. ಅವಳು ಹೋಗಲಿಲ್ಲ.

"ಮಹೇಶಪ್ಪನ ಹೆಸರಿಲೆ ನಾನೇ ಊದ್ತಿದ್ದೆರಿ ತಂಗೀ" ಎಂದ ಅಂಬರಾಯ. "ಸಾಲು ಹತ್ತೂದಕ್ಕಿಂತ ಮೊದಲು ಬರ್ತಿದ್ದ. ಬೈಕಿನ ಡಿಕ್ಕ್ಯಾಗ ದಾರೂ ಪಾಕೀಟು ಇರ್ತಿತ್ತು. ಮುಂಜಾನಿ ಒಂದು ಕುಡೀದಿದ್ರ ಅಂವನ ಕೈ ಸ್ಟೇರಿಂಗ್ ಹಿಡೀತಿರಲಿಲ್ಲ, ಹಂಗ ನಡುಗತಿದ್ದವು. ನಿಮ್ಮ ಮಾವನವರು ನನಗ ಈ ನೌಕರಿ ಹಚ್ಚಿದ್ದರು. ನಿಮ್ಮತ್ತಿ ಆಯಿಯವರು ಬಂದು ನನ್ನ ಮುಂದ ಸೆರಗೊಡ್ಡಿದರು. ಏನು ಮಾಡಲಿ?"

ಅವರು ಹೋದ ಮೇಲೆ ಶೈಲಶ್ರೀ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ಕುಡಿದವನ ವಾಂತಿಯನ್ನು ಒಂಬತ್ತು ವರ್ಷ ಬಳಿದವಳು ಅಂದು ತನ್ನದನ್ನು ತಾನೇ ತೊಳೆದಳು. ಐದೂ ಕಾಲಕ್ಕೆ ಹೊರಡುವ ಗಂಡನ ಶಿಸ್ತನ್ನು ಅವಳು ತವರಿನಲ್ಲಿ ಹೊಗಳಿಕೊಂಡಿದ್ದಳು. ಹೋಳಿಗೆಗೆ ತುಪ್ಪ ಹೆಚ್ಚು ಸವರಿ ಕಳಿಸಿದ್ದಳು. ಮಗಳ ಆಣೆ ಇಟ್ಟಿದ್ದಳು.

ಸೂಗಮ್ಮ ಮತ್ತೆ ಮೊರದ ಮುಂದೆ ಕೂತು ಹರಳು ಆರಿಸುತ್ತಿದ್ದಳು.

"ನನ್ನ ಕೈಲೆ ಮಾಡಿಸಿದ್ರಿ ಅತ್ತಿ."

"ಮಗನ ನೌಕರಿ ಹೋಗಬಾರದು ಅಂತ ಮಾಡಿದೆ. ಅದರ ಮ್ಯಾಲೇ ನೀ ಉಂಡಿ, ನಿನ್ನ ಮಗಳು ಸಾಲಿ ಕಲತಳು."

"ನನಗ ಹೇಳಬೇಕಿತ್ತು."

"ಹೇಳಿದ್ರ ನೀ ರೊಟ್ಟಿ ಬಡೀತಿದ್ದೇನು?" ಎಂದಳು ಸೂಗಮ್ಮ, ಬೇಳೆಯಿಂದ ಕಣ್ಣೆತ್ತದೆ.

"ಆ ಮನುಷ್ಯಾನ ಕಾಲು ಹೋತು."

"ಹೋದ ಕಾಲು ನೀ ಒದರಿದ್ರ ಬರ್ತದೇನು?"

ಮಹೇಶಕುಮಾರ ಸಂಜೆ ಬಂದ. ಅಪಘಾತದ ನಂತರ ಅವನನ್ನು ಡಂಪರ್ ಬಿಡಿಸಿ ಉಗ್ರಾಣದ ಕೆಲಸಕ್ಕೆ ಹಾಕಿದ್ದರು. ಅಷ್ಟೇನೂ ಅಮಲು ಇರಲಿಲ್ಲ. ಅವಳು ಅಂಬರಾಯ ಬಂದುಹೋದ ಸುದ್ದಿ ಹೇಳಿದಾಗ ಅವನು ಹೆದರಬಹುದೆಂದು ನೋಡಿದಳು. ಅವನಿಗೆ ಒಂದು ರೀತಿಯ ನಿರಾಳವಾದಂತಿತ್ತು, ವ್ಯಾಜ್ಯ ಗೆದ್ದವನ ಹಾಗೆ.

"ಈಗ ತಿಳೀತಲ್ಲ? ಮಷೀನು, ಮಷೀನು ಅಂತ ನನ್ನ ತಲಿ ತಿಂದಿ. ಅಲ್ಲಿಯೂ ನನ್ನ ಕೈಲೆ ಆಗ್ತಿರಲಿಲ್ಲ. ಖರೇನೇ ನನ್ನ ಕೈಯಾಗಿಲ್ಲ. ನೀ ನಂಬಲಿಲ್ಲ."

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಶೈಲಶ್ರೀ ಮೊದಲ ಸಲ ಗಂಡನಿಗೆ ಏಕವಚನದಲ್ಲಿ ಮಾತಾಡಿದಳು.

"ನಂಬತೀನಿ. ಕುಡಿಯೂದು ನಿನ್ನ ಕೈಯಾಗಿರಲಿಲ್ಲ. ಗಾಡಿ ಹತ್ತೂದು ಯಾರ ಕೈಯಾಗಿತ್ತು? ನನಗ ಆಗಂಗಿಲ್ಲ, ಬ್ಯಾರೆ ಕೆಲಸ ಕೊಡ್ರಿ ಅನ್ನಲಿಕ್ಕೆ ಬಾಯಿ ಬೀಮಾರಿ ಬಿದ್ದಿತ್ತೇನು? ಅಂಬರಾಯನ ಹೆಂಡತಿಗೆ ಸೊಂಟ ನೋವು ಅಂತ ಹೇಳಿದ್ದು ದಾರೂ ಅಲ್ಲ, ನೀ. ಒಂಬತ್ತು ವರ್ಷ ಒಂದು ದಿನ ಮರೀದಂಗ ಸುಳ್ಳು ನೆಪ್ಪಿಟ್ಟೀದಿ."

"ನೌಕರಿ ಹೋದ್ರ ಏನು ತಿಂತಿದ್ದಿ?"

"ಇಷ್ಟು ದಿನ ಏನು ತಿಂದೆ ಅಂತ ಇವತ್ತು ಗೊತ್ತಾತು" ಎಂದಳು. ಅಂದು ಅವಳು ಒಲೆ ಹಚ್ಚಲಿಲ್ಲ. ರಾಧಿಕಾ ಅಂಗಡಿಯಿಂದ ಚುರುಮುರಿ ತಂದು, ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿದಳು. ತಾಯಿ ಮಗಳು ಹಿತ್ತಲಿನಲ್ಲಿ ಕೂತು ತಿಂದರು. ರಾಧಿಕಾ ತಿನ್ನುತ್ತ ತಿನ್ನುತ್ತ, ಶಿಬಿರದ ಹತ್ತು ದಿನ ಡಬ್ಬಿ ಒಯ್ದುಕೊಟ್ಟದ್ದು ತಾನೇ ಎಂದು ನೆನಪಾಗಿ ಬಟ್ಟಲು ಕೆಳಗಿಟ್ಟಳು.

ಮರುದಿನ ಶೈಲಶ್ರೀ ಮತ್ತೆ ಕಲಬುರಗಿಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದಳು. ಹಣಮವ್ವನನ್ನು ಕಂಡಾಗ ಅದೆಲ್ಲ ಹೋಗಿ, ನಾ ಹೇಳಿದ್ದು ಸುಳ್ಳಾಗಿತ್ತು ಎಂದಷ್ಟೇ ಶುರುಮಾಡಿದಳು. ಕ್ಷಮೆ ಸಿಗಬಹುದೆಂಬ ಆಸೆ ಒಳಗೆಲ್ಲೋ ಇತ್ತು. ಹಣಮವ್ವ ಕೊನೆಯವರೆಗೂ ಕೇಳಿದಳು.

"ನಿಮ್ಮ ಗಂಜಿ ಅವತ್ತು ನನ್ನ ಗಂಡಗ ಉಣಸೀನ್ರಿ" ಎಂದಳು. "ನೆನಸಿಕೊಂಡ್ರ ಈಗ ನನಗ ಹ್ಯಾಂಗೋ ಆಗ್ತದ." ಆಮೇಲೆ, "ಇದನ್ನ ಎಲ್ಲಾರ ಮುಂದ ಹೇಳತೀರೇನು?" ಎಂದು ಕೇಳಿದಳು. ಶೈಲಶ್ರೀ ಹೇಳುತ್ತೇನೆಂದಳು. ಇಬ್ಬರೂ ಅಲ್ಲಿಯೇ ಕಾಗದ ತಂದು ಕಾರ್ಖಾನೆಗೆ ಅರ್ಜಿ ಬರೆದು ಸಹಿ ಮಾಡಿದರು.

ಅರ್ಜಿಯ ಸುದ್ದಿ ತಿಳಿದ ದಿನದಿಂದ ಮಹೇಶಕುಮಾರ, ರಕ್ತ ತೆಗೆದು ನೋಡಿದರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆಗೆ ಕುಡಿಯುವುದನ್ನು ಒಮ್ಮೆಲೇ ನಿಲ್ಲಿಸಿದ. ಎರಡನೆಯ ದಿನ ಅವನ ಕೈಯಲ್ಲಿ ಚಹದ ಬಟ್ಟಲು ನಿಲ್ಲಲಿಲ್ಲ. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ, ಒರೆಸು ಎಂದು ತಾಯಿಗೆ ಹೇಳಿದ. ಗೋಡೆಯಲ್ಲಿ ಏನೂ ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬಿದ್ದವನಿಗೆ ಫಿಟ್ಸ್ ಬಂದು ಹಲ್ಲಿಗೆ ನಾಲಿಗೆ ಸಿಕ್ಕಿತು. ಬಾಯಿಯಿಂದ ರಕ್ತ ಬೆರೆತ ನೊರೆ, ಪೈಜಾಮದಲ್ಲಿ ಎಲ್ಲವೂ. ಸೂಗಮ್ಮ ಎದೆ ಬಡಿದುಕೊಂಡು ಕೂತುಬಿಟ್ಟಳು. ಶೈಲಶ್ರೀಯೇ ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ಪಕ್ಕದ ಮನೆಯ ನಬೀಸಾಬನ ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದಳು. ಆಟೋದ ತುಂಬ ನಾರುತ್ತಿತ್ತು.

ಇಷ್ಟು ವರ್ಷ ಕುಡಿದ ಮೈ ದಾರೂ ಇಲ್ಲದೆ ನಡೆಯುವುದನ್ನೇ ಮರೆತಿದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ಹೀಗೆ ಒಮ್ಮೆಲೇ ಬಿಟ್ಟರೆ ಜೀವವೇ ಹೋಗುತ್ತದೆ, ಔಷಧಿಯ ಮೇಲೆ ಬಿಡಿಸಬೇಕು. ಮನಸ್ಸು ಮಾಡಿದರೆ ಬಿಡಬಹುದಿತ್ತು ಎಂದು ಬೈಯಬೇಡಿ ಎಂದಳು. ಶೈಲಶ್ರೀ ಹೂಂ ಎಂದಳು. ತಾನು ಒಂಬತ್ತು ವರ್ಷ ಆಡಿದ ಜಗಳದಲ್ಲಿ ಅರ್ಧ ತಪ್ಪಿತ್ತು ಎಂದು ಅವಳಿಗೆ ಆ ಕ್ಷಣ ಅನಿಸಿತು. ಅವನ ಕೈಗೆ ಹಚ್ಚಿದ ಸಲೈನಿನ ಸೂಜಿಯನ್ನು ನೋಡುತ್ತ, ಮನುಷ್ಯ ಇಷ್ಟು ಸೋತಿದ್ದಾನಲ್ಲ ಎಂದು ಕರುಣೆಯೂ ಬಂತು. ಹನ್ನೊಂದು ದಿನ ಅವಳೇ ಅವನ ಹಾಸಿಗೆ ಬದಲಿಸಿದಳು, ಗಂಜಿ ಕುಡಿಸಿದಳು, ಮಲಮೂತ್ರ ಬಳಿದಳು.

ಏಳನೆಯ ದಿನದಿಂದ ಅವನು ಚೇತರಿಸಿಕೊಂಡ. ಕೈ ನಡುಗುವುದು ನಿಂತಿತು. ಕಣ್ಣಿನ ಹಳದಿ ಇಳಿಯಿತು. ತಾನೇ ಗುಳಿಗೆ ಕೇಳಿ ತೆಗೆದುಕೊಳ್ಳುತ್ತಿದ್ದ. ಒಂದು ಸಂಜೆ ಅವಳ ಕೈ ಹಿಡಿದು, ನೀನು ನನ್ನ ಜೀವ ಉಳಿಸಿದೆ ಎಂದ. ಗುಣವಾದರೆ ಸತ್ಯ ಹೇಳುತ್ತಾನೆ ಎಂದು ಅವಳು ನಂಬಿದಳು.

ವಿಚಾರಣೆ ಕಾರ್ಖಾನೆಯ ಕಚೇರಿಯ ಉದ್ದನೆಯ ಕೋಣೆಯಲ್ಲಿ ನಡೆಯಿತು. ದವಾಖಾನೆಯಿಂದ ಬಂದು ನಾಲ್ಕು ದಿನವಾಗಿತ್ತು. ಮಹೇಶಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅಂಬರಾಯ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಹಣಮವ್ವ ಬಾಗಿಲ ಬಳಿ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ. ಶೈಲಶ್ರೀ ಎಲ್ಲವನ್ನೂ ಹೇಳಿದಳು. ಅಧಿಕಾರಿ ಕೇಳಿದಾಗ ಅಂಬರಾಯ ತನಗೇನೂ ಗೊತ್ತಿಲ್ಲವೆಂದ. ಸೂಗಮ್ಮ, ಸೊಸೆಗೆ ಇತ್ತೀಚೆಗೆ ತಲೆ ಸರಿಯಿಲ್ಲ, ತಾಸುಗಟ್ಟಲೆ ಕೈ ತೊಳೆಯುತ್ತಾಳೆ, ರೊಟ್ಟಿ ತಿನ್ನುವುದಿಲ್ಲ ಎಂದಳು. ಕೈ ತೊಳೆಯುವುದರಲ್ಲಿ, ರೊಟ್ಟಿ ಬಿಟ್ಟದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಧಿಕಾರಿ ಮಹೇಶಕುಮಾರನ ಕಡೆಗೆ ಕಾಗದ ಸರಿಸಿದ. ಅವನು ಪೆನ್ನು ತೆಗೆದುಕೊಂಡು ನಿಧಾನವಾಗಿ, ಒಂದು ಅಕ್ಷರಕ್ಕೂ ಕಾಟು ಹಾಕದೆ, ಶಾಲೆಯ ಹುಡುಗನಂತೆ ಗುಂಡಗೆ ಬರೆದ. ಬರೆದದ್ದನ್ನು ಅಧಿಕಾರಿ ಓದಿ ಹೇಳಿದ. ನಾನು ಕರ್ತವ್ಯದ ಮೇಲೆ ಎಂದೂ ಮದ್ಯ ಸೇವಿಸಿಲ್ಲ. ನನ್ನ ಹೆಂಡತಿಯ ಮಾನಸಿಕ ಸ್ಥಿತಿ ಸರಿಯಿಲ್ಲ. ಅವಳ ಮಾತನ್ನು ಪರಿಗಣಿಸಬಾರದೆಂದು ವಿನಂತಿ.

ಹಣಮವ್ವ ಶೈಲಶ್ರೀಯತ್ತ ನೋಡಿದಳು. ಆ ನೋಟವನ್ನು ತಡೆಯಲಾಗದೆ ಎದ್ದು ನಿಂತವಳು ರಾಧಿಕಾ. ಅವಳನ್ನು ಯಾರೂ ಕರೆದಿರಲಿಲ್ಲ, ತಾಯಿಯ ಜೊತೆಗೆಂದು ಬಂದಿದ್ದಳು. ಅಪ್ಪ ಶಿಬಿರದಲ್ಲಿದ್ದಾಗ ಹತ್ತು ದಿನ ಗೇಟಿಗೆ ಡಬ್ಬಿ ಒಯ್ದವಳು ತಾನು ಎಂದು ಹೇಳಿ, ಅಂಬರಾಯನ ಮುಂದೆ ಹೋಗಿ ನಿಂತಳು.

"ಕಾಕಾ, ನಮ್ಮವ್ವಗ ತಲಿ ಸರಿ ಇಲ್ಲಂದ್ರ ನೀ ಯಾರ ರೊಟ್ಟಿ ತಿಂದಿ? ಗೇಟಿನ್ಯಾಗ ಕ್ಯಾಮೆರಾ ಅದ ಅಂತ ನೀನೇ ನನಗ ತೋರಿಸಿದ್ದಿ. ಅದನ್ನ ನೋಡ್ರಿ ಅಂತ ಇವರಿಗೆ ಹೇಳು."

ಅಂಬರಾಯ ಮೊದಲು ಸೂಗಮ್ಮನನ್ನು, ಆಮೇಲೆ ಬಾಗಿಲ ಬಳಿ ನಿಂತ ಹಣಮವ್ವನನ್ನು ನೋಡಿದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಧಿಕಾರಿ ಕ್ಯಾಮೆರಾದ ದಾಖಲೆ ತರಿಸಲು ಹೇಳಿದ. ಹಿಂದಿನ ಎರಡು ತಿಂಗಳದ್ದು ಉಳಿದಿತ್ತು. ಅದರಲ್ಲಿ ಐದೂವರೆಯ ಗೇಟು, ಅಂಬರಾಯನ ಬಾಯಿಯಲ್ಲಿ ನಳಿಗೆ, ಪಕ್ಕದಲ್ಲಿ ಬೈಕಿನಿಂದ ಡಬ್ಬಿ ಬಿಚ್ಚುತ್ತಿರುವ ಮಹೇಶಕುಮಾರ ಎಲ್ಲವೂ ಕಂಡವು. ಇಬ್ಬರ ನೌಕರಿಯೂ ಹೋಯಿತು, ಪೊಲೀಸು ಕೇಸೂ ಆಯಿತು. ದಶರಥನಿಗೆ ತಪ್ಪಿಹೋಗಲಿದ್ದ ಪರಿಹಾರ ಬಂತು. ಹಣಮವ್ವ ಶೈಲಶ್ರೀಗೆ ಒಂದು ಸಲವೂ ಫೋನು ಮಾಡಲಿಲ್ಲ. ಮಾಡಬೇಕೆಂದು ಶೈಲಶ್ರೀಯೂ ಬಯಸಲಿಲ್ಲ.

ಶೈಲಶ್ರೀ ಮಗಳನ್ನು ಕರೆದುಕೊಂಡು ಶಹಾಬಾದಿಗೆ ಹೋದಳು. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತು, ಹಿಂದೆಯೇ ಒಂದು ಕೋಣೆ. ರಾಧಿಕಾ ನರ್ಸಿಂಗಿಗೆ ಸೇರಿದಳು. ಅರವತ್ತು ಹುಡುಗಿಯರಿಗೆ ರೊಟ್ಟಿ ಬಡಿದು, ಕಡೆಗೆ ತಾನೂ ಒಂದು ಬಿಸಿಯದನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದು ಶೈಲಶ್ರೀಗೆ ಮತ್ತೆ ರೂಢಿಯಾಯಿತು.

ಮಹೇಶಕುಮಾರ ಆಮೇಲೆ ಕುಡಿಯಲಿಲ್ಲ. ಇದು ಸುಳ್ಳು ಸುದ್ದಿಯಲ್ಲ. ಗುಳಿಗೆ ತಪ್ಪಿಸಲಿಲ್ಲ, ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದ, ಸೇಡಂ ರಸ್ತೆಯ ಗ್ಯಾರೇಜೊಂದರಲ್ಲಿ ಕೆಲಸ ಹಿಡಿದಿದ್ದ. ಚಿತ್ತಾಪುರದ ಶಿಬಿರದವರು ಅವನನ್ನು ಕರೆಸಿ, ಹೊಸಬರ ಮುಂದೆ ನಿಲ್ಲಿಸಿ ಮಾತಾಡಿಸಿದರು. ಶಾಲು ಹೊದಿಸಿದ ಫೋಟೋವನ್ನು ಸೂಗಮ್ಮ ಯಾರ ಕೈಯಿಂದಲೋ ರಾಧಿಕಾಳ ಫೋನಿಗೆ ಕಳಿಸಿದ್ದಳು. ರಾಧಿಕಾ ತೋರಿಸಿದಾಗ ಶೈಲಶ್ರೀ ನೋಡಿ, ಆರೋಗ್ಯ ಸುಧಾರಿಸಿದೆ ಎಂದಳು, ಅಷ್ಟೇ.

ದೀಪಾವಳಿಯಾದ ವಾರ ಒಂದು ರವಿವಾರ ಅವನು ಹಾಸ್ಟೆಲ್ಲಿಗೆ ಬಂದ. ಕೈಯಲ್ಲಿ ಒಂದು ಸೀರೆ, ಮಗಳಿಗೆ ಗಡಿಯಾರ. ಶೈಲಶ್ರೀ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಕುರ್ಚಿ ಹಾಕಿ, ಚಹ ಮಾಡಿ ಕೊಟ್ಟಳು. ಅವನ ಬಾಯಿಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಬಟ್ಟಲು ಹಿಡಿದ ಕೈ ಕಲ್ಲಿನಂತೆ ನಿಂತಿತ್ತು. ಆದರೂ ಅವಳು ತನಗರಿವಿಲ್ಲದೆ ಈಳಿಗೆಮಣೆಯನ್ನು ಹಿಂದಕ್ಕೆ ಸರಿಸಿಕೊಂಡಳು. ಅವ್ವ ಸೊರಗಿದ್ದಾಳೆ, ಮನೆ ಸುಣ್ಣ ಹೊಡೆಸಿದ್ದೇನೆ, ಆರು ತಿಂಗಳು ಆಗುತ್ತ ಬಂತು ಎಂದೆಲ್ಲ ಅವನು ಹೇಳಿದ.

"ಬಿಟ್ಟೀನಲ್ಲ ಶೈಲಾ. ಇದಕ್ಕಿಂತ ಇನ್ನೇನು ಮಾಡಲಿ? ಅವಾಗ ಮಾಡಿದ್ದು ನಾ ಅಲ್ಲ, ಬೀಮಾರಿ. ಅಲ್ಲಿ ಎಲ್ಲಾರಿಗೂ ಇದನ್ನೇ ಹೇಳ್ತೀನಿ."

ಶೈಲಶ್ರೀ ಈಳಿಗೆಯ ಮೇಲಿನ ಬದನೆಕಾಯಿ ಮುಗಿಸಿ, ಕೈ ಒರೆಸಿಕೊಂಡಳು.

"ಒಂದು ಮಾತು ಕೇಳತೀನಿ, ಖರೆ ಹೇಳ್ರಿ. ಆಫೀಸಿನ್ಯಾಗ ಕುಂತು ನನಗ ತಲಿ ಸರಿ ಇಲ್ಲಂತ ಬರದ್ರಲ್ಲ, ಅವತ್ತು ಕುಡದಿದ್ರೇನು?"

ಅವನು ಬಟ್ಟಲನ್ನು ಕೆಳಗಿಟ್ಟ. ಹೊರಗೆ ಹುಡುಗಿಯರು ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದರು.

"ಇಲ್ಲ" ಎಂದ.

"ಅವತ್ತು ಕುಡದ ಅಮಲಿನ್ಯಾಗ ಇದ್ದಿದ್ರ ಇವತ್ತು ನಿಮ್ಮ ಹಿಂದ ಬರ್ತಿದ್ದೆನೇನೋ" ಎಂದು ಹೇಳಿ, ಅವಳು ಮುಂದಿನ ಬದನೆಕಾಯಿ ಕೈಗೆತ್ತಿಕೊಂಡಳು.